ಅಡಿಕೆ ತೋಟಕ್ಕೆ ಕಾರ್ಬನ್ ಕ್ರೆಡಿಟ್ ದುಡ್ಡು ಕೊಡಿಸ್ತೇವೆ ಅನ್ನುವ ಸರ್ವಿಸ್: ನನ್ನ ರಿವ್ಯೂ

ಹಿರಿಯಡ್ಕ, ಪೆರ್ಡೂರು ಕಡೆ ತೋಟ ಇದ್ದವರಿಗೆಲ್ಲ ಈ ಫೋನ್ ಬಂದಿರಬಹುದು. ನಿಮ್ಮ ಮರ ಹೀರುವ ಕಾರ್ಬನ್‌ಗೆ ಫಾರಿನ್ ಕಂಪನಿಗಳು ದುಡ್ಡು ಕೊಡ್ತವೆ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಆರ್‌ಟಿಸಿ, ಆಧಾರ್ ಕಾಪಿ ಕೊಟ್ರೆ ಮುಗೀತು ಅಂತ. ನಾನೂ ಮಾವನೂ ಉಡುಪಿಯಲ್ಲಿ ಅವರ ಮೀಟಿಂಗಿಗೆ ಹೋಗಿ ಪೂರ್ತಿ ಕೂತು ಕೇಳಿ ಎಗ್ರಿಮೆಂಟ್ ಕಾಪಿ ತಂದು ಓದಿದ್ದೇವೆ. ಕಂಪನಿ ಹೆಸರು ಹಾಕುವುದಿಲ್ಲ, ಇಂಥವರು ಇನ್ನೂ ಬರ್ತಾರೆ, ಹಾಗಾಗಿ ವಿಷಯ ಗೊತ್ತಿದ್ರೆ ಒಳ್ಳೇದು.

ಮೊದಲು ವ್ಯವಹಾರ ಎಂತದ್ದು ಅಂತ. ಒಂದು ಕ್ರೆಡಿಟ್ ಅಂದ್ರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗದ ಹಾಗೆ ತಡೆದದ್ದು ಅಥವಾ ಗಾಳಿಯಿಂದ ತೆಗೆದದ್ದು. ಇದರಲ್ಲಿ ಎರಡು ಮಾರ್ಕೆಟ್ ಉಂಟು. ಒಂದು ಸರ್ಕಾರ ಕಡ್ಡಾಯ ಮಾಡಿದ್ದು, ಯುರೋಪಿನಲ್ಲಿ 2005ರಿಂದ ನಡೀತಾ ಉಂಟು, ನಮ್ಮಲ್ಲಿ 2022ರಲ್ಲಿ ಕಾಯ್ದೆ ತಿದ್ದುಪಡಿ ಮಾಡಿ 2023ರಲ್ಲಿ ಸ್ಕೀಮ್ ತಂದ್ರು. ಸಿಮೆಂಟ್, ಅಲ್ಯೂಮಿನಿಯಂ, ರಿಫೈನರಿ, ಗೊಬ್ಬರ ಹೀಗೆ 9 ಬಗೆಯ ಕೈಗಾರಿಕೆಗಳು ಆ ಸ್ಕೀಮಿನ ವ್ಯಾಪ್ತಿಗೆ ಬರ್ತವೆ, ಟಾರ್ಗೆಟ್‌ಗಿಂತ ಕಡಿಮೆ ಹೊಗೆ ಬಿಟ್ಟ ಫ್ಯಾಕ್ಟರಿಗೆ ಸರ್ಟಿಫಿಕೇಟ್ ಸಿಗ್ತದೆ, ಟಾರ್ಗೆಟ್ ಮುಟ್ಟದವರು ಅದನ್ನು ದುಡ್ಡು ಕೊಟ್ಟು ತಗೊಳ್ಬೇಕು. ಆ ಟಾರ್ಗೆಟ್ ಆಟ ಫ್ಯಾಕ್ಟರಿಗಳದ್ದು, ನಮ್ಮಂಥ ತೋಟದವರದ್ದಲ್ಲ. ಇನ್ನೊಂದು ವಾಲಂಟರಿ ಮಾರ್ಕೆಟ್, ಕಂಪನಿಗಳು ತಾವಾಗಿ ತಗೊಳ್ಳುವುದು, ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಅಂತ ರಿಜಿಸ್ಟ್ರಿಗಳು ಲೆಕ್ಕ ನೋಡಿ ಕ್ರೆಡಿಟ್ ಕೊಡ್ತವೆ. ಇವರು ನಮ್ಮನ್ನು ಸೇರಿಸ್ತೇವೆ ಅನ್ನುವುದು ಇದಕ್ಕೆ.

ಪ್ರೆಸೆಂಟೇಷನ್ ಚೆನ್ನಾಗಿತ್ತು, ಹುಡುಗ ಕನ್ನಡ ತುಳು ಎರಡರಲ್ಲೂ ತಾಳ್ಮೆಯಿಂದ ಮಾತಾಡಿದ. ಆದ್ರೆ ಮಾವ ಎದ್ದು "ನಮ್ದು ಅಜ್ಜನ ಕಾಲದ ತೋಟ, ಅದಕ್ಕೂ ಬರ್ತದಾ?" ಅಂತ ಕೇಳಿದ್ದಕ್ಕೆ "ಬರ್ತದೆ ಸರ್, ಎಷ್ಟು ಮರ ಉಂಟೋ ಅಷ್ಟು" ಅಂದ. ಇದು ಸರಿಯಲ್ಲ ಮಾರಾಯ್ರೆ. ಈ ದುಡ್ಡು ಇಲ್ಲದಿದ್ರೆ ಆಗ್ತಿರಲಿಲ್ಲ ಅನ್ನುವ ಕೆಲಸಕ್ಕೆ ಮಾತ್ರ ಕ್ರೆಡಿಟ್, ಮೊದಲೇ ಇದ್ದ ಮರ ಹಾಗೇ ನಿಂತಿದ್ದಕ್ಕೆ ಅಲ್ಲ. ಖಾಲಿ ಗುಡ್ಡೆಯಲ್ಲಿ ಹೊಸದಾಗಿ ಗಿಡ ನೆಟ್ರೆ ಅದು ಬೇರೆ ಮಾತು. ಕುಮ್ಕಿಯಲ್ಲೂ ನೆಡಬಹುದು ಅಂದ, ಕುಮ್ಕಿ ಸರ್ಕಾರಿ ಜಾಗ, ಅದರ ಸೌಲಭ್ಯ ಮಾತ್ರ ನಮ್ಮದು, ಅದರ ಮೇಲೆ ನಾವು ಎಗ್ರಿಮೆಂಟಿಗೆ ಸೈನ್ ಹಾಕುವುದು ಹೇಗೆ?

ಲೆಕ್ಕ ಹಾಕಿ ನೋಡಿ. ದೊಡ್ಡ ಮರ ವರ್ಷಕ್ಕೆ ಸುಮಾರು 20 ಕೆಜಿ ಹೀರ್ತದೆ ಅಂತ ಸಾಮಾನ್ಯವಾಗಿ ಹೇಳ್ತಾರೆ, ಅಂದ್ರೆ ಒಂದು ಕ್ರೆಡಿಟ್‌ಗೆ 50 ಮರ. ಎಕ್ರೆಗೆ 500 ಮರ ಅಂತ ಹಿಡಿದ್ರೂ 10 ಕ್ರೆಡಿಟ್, ಒಂದಕ್ಕೆ 5 ಡಾಲರ್ ಸಿಕ್ರೆ 50 ಡಾಲರ್. ಅದರಲ್ಲಿ ಕಂಪನಿ ಪಾಲು, ಅಳತೆ, ಆಡಿಟ್ ಖರ್ಚು ಕಳೆದು ಕೈಗೆ ಬರುವುದು ಎಷ್ಟು? ಆಡಿಟ್ ಖರ್ಚು ಒಬ್ಬನಿಗೆ ಭರಿಸ್ಲಿಕ್ಕೇ ಆಗುವುದಿಲ್ಲ, ನೂರಾರು ಜನ ಒಟ್ಟು ಸೇರಿದ್ರೆ ಮಾತ್ರ ದಾರಿ ಉಂಟು. ಬಾಗೇಪಲ್ಲಿ ಕೂಲಿ ಸಂಘದವರು ಹಾಗೇ ಮಾಡಿದ್ದು, ಸಾವಿರಾರು ಮನೆಗೆ ಗೋಬರ್ ಗ್ಯಾಸ್ ಹಾಕಿಸಿ ಕ್ಯೋಟೋ ಹವಾಮಾನ ಒಪ್ಪಂದದ ಸಿಡಿಎಂ (ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ) ಅನ್ನುವ ವ್ಯವಸ್ಥೆಯ ಅಡಿಯಲ್ಲಿ ಕ್ರೆಡಿಟ್ ಪಡೆದ್ರು. ಅಲ್ಲಿ ಹೆಂಗಸರಿಗೆ ಸೌದೆ ಹೊರುವ ಕೆಲಸ, ಒಲೆ ಹೊಗೆ ಕಮ್ಮಿ ಆಯ್ತು, ನನ್ನ ಪ್ರಕಾರ ಅದು ನಿಜವಾದ ಲಾಭ.

ನನಗೆ ತುಂಬ ಬೇಜಾರಾದದ್ದು ಎಗ್ರಿಮೆಂಟ್. 30 ವರ್ಷಕ್ಕೆ ಸೈನ್, ನಡುವೆ ಮರ ಕಡಿದ್ರೆ ಕಂಪನಿಗೆ ಆದ ನಷ್ಟ ಜಮೀನಿನವರು ಕೊಡ್ಬೇಕು, ರೋಗದಿಂದ ಮರ ಸತ್ರೆ ಎಂತ ಅಂತ ಒಂದು ಸಾಲೂ ಇಲ್ಲ. ಎಲೆಚುಕ್ಕಿ ರೋಗ, ಹಳದಿ ರೋಗ ನೋಡಿದ ನಮ್ಮ ಊರಿನವರಿಗೆ ಇದು ಸಣ್ಣ ವಿಷಯ ಅಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಜಾಗ ಮಾರ್ಲಿಕ್ಕೆ ಹೊರಟ್ರೆ ತಗೊಳ್ಳುವವನೂ ಈ ಎಗ್ರಿಮೆಂಟ್ ಒಪ್ಪಬೇಕಂತೆ.

ಕೊನೆಗೆ ಜಾಗ ಇಲ್ಲದವರಿಗೆ ಅಂತ ಒಂದು ಆ್ಯಪ್ ತೋರಿಸಿದ್ರು, ಕ್ರೆಡಿಟ್ ತಗೊಂಡು ಇಟ್ರೆ ಎರಡು ವರ್ಷದಲ್ಲಿ ಡಬಲ್ ಅಂತೆ. ದಯವಿಟ್ಟು ಹಾಕ್ಬೇಡಿ. ಎಫ್‌ಡಿ ಹಾಗೆ ಇದಕ್ಕೆ ಬಡ್ಡಿ ಇಲ್ಲ, ಮುಂದೆ ಯಾರಾದ್ರೂ ಜಾಸ್ತಿ ಕೊಟ್ರೆ ಮಾತ್ರ ಲಾಭ. 2023ರಲ್ಲಿ ಮಳೆಕಾಡು ಪ್ರಾಜೆಕ್ಟ್‌ಗಳ ಲೆಕ್ಕ ಉಬ್ಬಿಸಿದ್ದು ಅಂತ ವರದಿ ಬಂದು ಕಾಡು ಮರದ ಕ್ರೆಡಿಟ್‌ಗಳ ರೇಟ್ ಪಾತಾಳಕ್ಕೆ ಇಳಿದಿತ್ತು.

ನನ್ನ ರೇಟಿಂಗ್ 5ಕ್ಕೆ 1, ಅದು ಆ ಹುಡುಗನ ತಾಳ್ಮೆಗೆ. ರಿಜಿಸ್ಟ್ರಿಯಲ್ಲಿ ಇವರ ಪ್ರಾಜೆಕ್ಟ್ ನಂಬರ್ ಎಷ್ಟು ಅಂತ ಕೇಳಿದೆ, "ಪ್ರೋಸೆಸ್‌ನಲ್ಲಿ ಉಂಟು" ಅಂದ್ರು. ನಂಬರ್ ಇದ್ರೆ ರಿಜಿಸ್ಟ್ರಿ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಹುಡುಕಿ ನೋಡಬಹುದು, ಫ್ರೀ. ಮುಂದಿನ ಮೀಟಿಂಗ್ ಕಾರ್ಕಳ ಕಡೆ ಅಂತೆ, ಹೋಗುವವರು ಆ ನಂಬರ್ ಮತ್ತೆ ಎಗ್ರಿಮೆಂಟ್ ಕಾಪಿ ಮೊದಲೇ ತರಿಸಿಕೊಳ್ಳಿ, ಅದು ಕೈಗೆ ಬರುವವರೆಗೆ ಫೀಸ್ ಕಟ್ಬೇಡಿ, ಆರ್‌ಟಿಸಿ ಕಾಪಿಯೂ ಕೊಡ್ಬೇಡಿ.