ಮೂರು ಚೆಂಡಿನ ಸ್ಪೈರೋಮೀಟರ್: 11 ತಿಂಗಳು ಎಳೆದ ಮೇಲೆ

ಇದು ಶ್ವಾಸಕೋಶದ ವ್ಯಾಯಾಮಕ್ಕೆ ಕೊಡೋ ಡಬ್ಬಿ, ಪೈಪಿನಿಂದ ಉಸಿರು ಎಳೆದರೆ ಒಳಗಿನ ಮೂರು ಚೆಂಡು ಒಂದೊಂದಾಗಿ ಮೇಲೇಳುತ್ತವೆ. ಮೊದಲು ಬೈಗುಳ. ಈ ಡಬ್ಬಿಯಿಂದಾಗಿ ಹೋದ ತಿಂಗಳು ನಾನು ಸುಮ್ನೆ ಹೆದರಿ ಕೊಪ್ಪಳದಿಂದ ಹುಬ್ಬಳ್ಳಿಗೆ ಓಡಿದೆ. ಮೂರು ದಿನದಿಂದ ಎರಡನೇ ಚೆಂಡು ಏಳುತ್ತಿರಲಿಲ್ಲ. ಎದೆಯಲ್ಲಿ ಮತ್ತೆ ಕೀವು ತುಂಬಿತು ಅಂತಲೇ ತಿಳಿದೆ. ಬಸ್ ಚಾರ್ಜು, ಎಕ್ಸ್‌ರೇ, ಒಂದು ದಿನ ಕಿರಾಣಿ ಅಂಗಡಿ ಬಂದ್. ಎಕ್ಸ್‌ರೇಯಲ್ಲಿ ಏನೂ ಇಲ್ಲ! ಮನೆಗೆ ಬಂದ ಮೇಲೆ ಹೆಂಡತಿ ಪೈಪನ್ನು ಬೆಳಕಿಗೆ ಹಿಡಿದು, "ಇಲ್ನೋಡ್ರಿ, ಪೈಪ್ ಸೀಳೈತಿ" ಅಂದಳು. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ನಾನು ಎಳೆದ ಗಾಳಿ ಅಲ್ಲಿಂದಲೇ ಬರುತ್ತಿದ್ದರೆ ಚೆಂಡು ಯಾಕೆ ಏಳುತ್ತದೆ? ಪೈಪು ಮಾತ್ರ ಕೊಡ್ರಿ ಅಂದರೆ ಯಾವ ಮೆಡಿಕಲ್‌ನಲ್ಲೂ ಇಲ್ಲ. ಪೂರಾ ಸೆಟ್ಟೇ ತಗೋಬೇಕಂತೆ, 350 ರೂಪಾಯಿ.

ಎದೆಯಲ್ಲಿ ಕೀವು ತುಂಬಿ ನನಗೆ ಬಲಗಡೆ ಆಪರೇಷನ್ ಆಗಿತ್ತು, ಶ್ವಾಸಕೋಶಕ್ಕೆ ಅಂಟಿದ್ದ ದಪ್ಪ ಪೊರೆ ಸುಲಿದು ತೆಗೆದಿದ್ದರು. ಪಕ್ಕೆಯಲ್ಲಿ ನಳಿಕೆ, ಕೈಯಲ್ಲಿ ಅದರ ಬಾಟಲಿ ಹಿಡಿದು ವಾರ್ಡಿನಲ್ಲಿ ಅಡ್ಡಾಡುವಾಗ ಈ ಡಬ್ಬಿ ಕೊಟ್ಟರು. ಹೇಗೆ ಬಳಸಬೇಕು ಅಂತ ಯಾರೂ ಹೇಳಲಿಲ್ಲ. ಎರಡು ದಿನ ತುತ್ತೂರಿ ಊದಿದ ಹಾಗೆ ಊದಿದೆ. ಆಮೇಲೆ ಪಕ್ಕದ ಬೆಡ್ಡಿನ ಅಜ್ಜ, "ತಮ್ಮಾ, ಊದಬ್ಯಾಡ, ಎಳನೀರು ಎಳದಂಗ ಎಳಿ" ಅಂದ.

ಆದರೆ ಇದರ ನಿಜವಾದ ದೋಷ ಆ ಮೂರನೇ ಚೆಂಡು. ಅದನ್ನು ಏರಿಸಲೇಬೇಕು ಅನ್ನೋ ಹಟ ಹುಟ್ಟಿಸುತ್ತದೆ. ಗಬಕ್ಕನೆ ಎಳೆದರೆ ಮೂರೂ ಎಗರುತ್ತವೆ, ಡಬ್ಬಿ ಸ್ವಲ್ಪ ವಾಲಿಸಿದರೆ ಇನ್ನೂ ಸಲೀಸು. ಮನೆಯವರೆಲ್ಲ ಚಪ್ಪಾಳೆ. ಇಲ್ಲಿನ ಫಿಸಿಯೋಥೆರಪಿ ಹುಡುಗಿ ಮಾತ್ರ ನಕ್ಕಳು. "ಅಂಕಲ್, ನೀವು ಅಂಗಡಿಯವ್ರು, ಲೆಕ್ಕ ಮಾಡ್ರಿ" ಅಂದಳು. ಮೊದಲ ಚೆಂಡು ಏಳೋಕೆ ಸೆಕೆಂಡಿಗೆ 600 ಎಂಎಲ್ ಗಾಳಿ ಎಳೀಬೇಕು, ಮೂರನೆಯದಕ್ಕೆ 1200. ಮೂರನ್ನೂ ಅರ್ಧ ಸೆಕೆಂಡು ಎಗರಿಸಿದರೆ ಒಳಗೆ ಹೋಗೋದು ಬರೀ 600. ಮೊದಲನೆಯದನ್ನೇ ನಿಧಾನವಾಗಿ 3 ಸೆಕೆಂಡು ನಿಲ್ಲಿಸಿದರೆ 1800! ಇಷ್ಟು ದಿನ ತಕ್ಕಡಿ ಒತ್ತಿ ನನಗೇ ನಾನು ಮೋಸ ಮಾಡಿಕೊಂಡಿದ್ದೆ ಅಲ್ವಾ.

ಅವತ್ತಿನಿಂದ ಡಬ್ಬಿ ಮೇಲೆ ಪ್ರೀತಿ ಶುರುವಾಯಿತು. ಬೆಳಿಗ್ಗೆ ಚಹಾಕ್ಕೆ ಮೊದಲು ಪಡಸಾಲೆಯಲ್ಲಿ ಕುರ್ಚಿ ತುದಿಗೆ ನೆಟ್ಟಗೆ ಕೂರುತ್ತೇನೆ. ಪೂರ್ತಿ ಉಸಿರು ಬಿಟ್ಟು, ತುಟಿ ಬಿಗಿ ಹಿಡಿದು, ಮೆಲ್ಲಗೆ ಎಳೆಯುತ್ತೇನೆ. ಚೆಂಡು ಮೇಲೆ ಹೋಗಿ ಅಲ್ಲೇ ನಡುಗುತ್ತಾ ನಿಲ್ಲುತ್ತದೆ, ಒಳಗೆ ಮುದುರಿದ್ದ ಏನೋ ಬಿಚ್ಚಿಕೊಂಡ ಹಾಗೆ ಆಗುತ್ತದೆ, ಆಮೇಲೆ ಟಕ್ ಅಂತ ಬೀಳುತ್ತದೆ. ಹತ್ತು ಸಲ. ಶುರುವಿನಲ್ಲಿ ಎಚ್ಚರ ಇದ್ದಷ್ಟೂ ಹೊತ್ತು ಗಂಟೆಗೊಮ್ಮೆ ಮಾಡಬೇಕಿತ್ತು, ಈಗ ದಿನಕ್ಕೆ ಎರಡೇ ಸಾರಿ. ತಲೆ ತಿರುಗಿದರೆ ನಡುವೆ ಬಿಡುತ್ತೇನೆ. ಆಮೇಲೆ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿದು ಎರಡು ಕೆಮ್ಮು. ಹೊಲಿಗೆ ಮಾಗಿ ಎಷ್ಟೋ ತಿಂಗಳಾಯಿತು, ದಿಂಬು ಮಾತ್ರ ಬಿಟ್ಟಿಲ್ಲ. ಬಾಯಿಗೆ ಇಡೋ ತುದಿ ಸೋಪು ನೀರಿನಲ್ಲಿ ತೊಳೆದು ಒಳಗೇ ಒಣಗಿಸುತ್ತೇನೆ. ಕಾರ್ಖಾನೆಗಳಿರೋ ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದರೆ ಮಾಳಿಗೆ ಮೇಲೆ ಇಟ್ಟದ್ದೆಲ್ಲ ಕಪ್ಪು.

ಇದೊಂದರಿಂದಲೇ ಹುಷಾರಾಗುತ್ತದೆ ಅಂತ ಕೊಳ್ಳಬೇಡಿ. ನನಗೆ ಭುಜವೇ ಜಾಸ್ತಿ ಕಾಡಿತು, ನೋವಿಗೆ ಹೆದರಿ ತೋಳು ಎತ್ತದೆ ಬಿಟ್ಟಿದ್ದೆ. ಗೋಡೆ ಮೇಲೆ ಬೆರಳು ಹತ್ತಿಸುತ್ತಾ ದಿನಾ ಪೆನ್ಸಿಲ್ ಗುರುತು ಹಾಕಿದೆ. ಮೇಲಿನ ರ‍್ಯಾಕಿನ ಬೆಲ್ಲದ ಡಬ್ಬ ಇಳಿಸೋಕೆ ನಾಲ್ಕು ತಿಂಗಳು ಬೇಕಾಯಿತು. ಸಂಜೆ ನಡಿಗೆ ಗವಿಮಠದ ಕಡೆಗೆ. ಅದಕ್ಕೆ ದುಡ್ಡಿಲ್ಲ, ಗುಣವೂ ಡಬ್ಬಿಗಿಂತ ಜಾಸ್ತಿ ಅಂತ ಆ ಹುಡುಗಿಯೇ ಹೇಳಿದ್ದು. ಅವಳ ಫೀಸು ಒಂದು ಸಲಕ್ಕೆ 300, ಆರು ಸಲಕ್ಕೇ ನನ್ನ ಜೇಬು ಮುಗಿಯಿತು. ಡಬ್ಬಿ ಮಾತ್ರ ಉಳಿಯಿತು.

ಮೂರರಲ್ಲಿ ಎರಡು ಚೆಂಡು ಕೊಡುತ್ತೇನೆ. ಚೆಂಡು ಏಳದಿದ್ದರೆ ಮೊದಲು ಪೈಪು ನೋಡಿ, ಸರಿ ಇದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ನಾನು ಹೊಸ ಸೆಟ್ಟು ತಂದೆ. ಅದರ ಟಕ್ ಸದ್ದು ಸ್ವಲ್ಪ ಬೇರೆ, ಇನ್ನೂ ಹೊಂದಿಕೆಯಾಗಿಲ್ಲ.