ಕರಟ, ಬಿಸ್ಕತ್ ಡಬ್ಬ, ಪೈಪ್ ತುಂಡು: ಪುಟ್ಟ ಸ್ಪೀಕರ್‌ಗೆ ಯಾವುದು ಒಳ್ಳೆಯದು?

ಮನೆಯಲ್ಲೇ ಸ್ಪೀಕರ್ ಮಾಡಲು ಹೊರಟವರು ಮೊದಲು ಯಾವ ಬೋರ್ಡ್ ಕೊಳ್ಳಲಿ ಅಂತ ಕೇಳುತ್ತಾರೆ. ನನ್ನ ಪ್ರಕಾರ ಡಬ್ಬದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಡಬ್ಬ ಇಲ್ಲದಿದ್ದರೆ ಸ್ಪೀಕರಿನ ಹಿಂದಿನಿಂದ ಬರುವ ಸದ್ದು ಮುಂದಿನ ಸದ್ದನ್ನು ಅಳಿಸಿಹಾಕುತ್ತದೆ. ಮೊದಲು ಮಾಯವಾಗುವುದು ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು.

ಹಾಗಾಗಿ ಒಳಗಿನ ಸಾಮಾನು ಬದಲಿಸದೆ ಬರೀ ಡಬ್ಬ ಬದಲಿಸಿ ನೋಡಿದೆ. ಕೆಟ್ಟ ಕಂಪ್ಯೂಟರ್ ಸ್ಪೀಕರ್‌ನಿಂದ ಬಿಚ್ಚಿದ 2 ಇಂಚಿನ, 4 ಓಮ್, 3 ವ್ಯಾಟಿನ ಸ್ಪೀಕರ್. ಸದ್ದು ಹೆಚ್ಚಿಸುವ ಪಿಎಎಂ 8403 ಆಂಪ್ಲಿಫೈಯರ್ ಬೋರ್ಡ್, ಒಂದು ಬ್ಲೂಟೂತ್ ಬೋರ್ಡ್, ಟಿಪಿ 4056 ಚಾರ್ಜಿಂಗ್ ಬೋರ್ಡ್. ಸೆಲ್ ಮಾತ್ರ ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪ್ ಬ್ಯಾಟರಿಯದ್ದು, 18650 ಅನ್ನುವ ಅಳತೆಯ ಉರುಟು ಲಿಥಿಯಂ ಸೆಲ್. ಇಡೀ ಬ್ಯಾಟರಿ ಸತ್ತಿದ್ದರೂ ಒಳಗೆ ಒಂದೆರಡು ಸೆಲ್ ಚೆನ್ನಾಗಿರುವುದುಂಟು. ಮಲ್ಟಿಮೀಟರಿನಲ್ಲಿ 2 ವೋಲ್ಟಿಗಿಂತ ಕಡಿಮೆ ತೋರಿಸಿದ್ದನ್ನು, ತುಕ್ಕು ಹಿಡಿದಿದ್ದನ್ನು ದಯವಿಟ್ಟು ಬಳಸಬೇಡಿ, ಬೆಂಕಿ ಹತ್ತುವ ಸಾಮಾನು ಅದು. ಒಂದೇ ಸೆಲ್‌ನ 3.7 ವೋಲ್ಟಿನಲ್ಲಿ ಪೂರ್ತಿ 3 ವ್ಯಾಟ್ ಬರುವುದಿಲ್ಲ, ಆದರೆ ಮನೆಗೆ ಧಾರಾಳವಾಯಿತು.

ಪರೀಕ್ಷೆಗೆ ಹಳೆಯ ರಂಗಗೀತೆ ಹಾಕಿದೆ. ನಾಟಕ ಕಂಪನಿಗೆ ಹೆಸರಾದ ಗುಬ್ಬಿ ಊರಿನ ಪಕ್ಕದವರಿಗೆ ಹಾರ್ಮೋನಿಯಂ ಕಿವಿಯಲ್ಲೇ ಕೂತಿರುತ್ತದೆ, ಸ್ವಲ್ಪ ಕೆಟ್ಟರೂ ಗೊತ್ತಾಗುತ್ತದೆ.

ಬಿಸ್ಕತ್ ಡಬ್ಬ ನೋಡಲು ಚೆಂದ, ಕತ್ತರಿಸಲು ಸುಲಭ. ಆದರೆ ಹಾರ್ಮೋನಿಯಂ ಒಂದು ಸ್ವರಕ್ಕೆ ಬಂದರೆ ಸಾಕು, ತಗಡೂ ಜೊತೆಗೆ ಝೇಂಕರಿಸುತ್ತದೆ. ಒಳಗೋಡೆಗೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ ಮೇಲೆ ಅರ್ಧ ಕಡಿಮೆಯಾಯಿತು. ಇನ್ನೊಂದು ತೊಂದರೆಗೆ ಇಷ್ಟು ಸುಲಭದ ಮದ್ದಿಲ್ಲ: ಲೋಹ ಬ್ಲೂಟೂತನ್ನು ತಡೆಯುತ್ತದೆ. ಮುಚ್ಚಳ ಹಾಕಿ ಫೋನ್ ಹಿಡಿದು ಪಕ್ಕದ ಕೋಣೆಗೆ ಹೋದರೆ ಹಾಡು ತುಂಡು ತುಂಡು. ಬೋರ್ಡನ್ನು ಹೊರಗೆ ಅಂಟಿಸಬೇಕು, ಇಲ್ಲವೇ ವೈರ್ ಹಾಕಬೇಕು. ಹಾಗಾದರೆ ಡಬ್ಬ ಯಾಕೆ ಬೇಕು, ಅಲ್ವಾ?

ಕರಟ ನನಗೆ ತುಂಬ ಇಷ್ಟವಾಯಿತು. ನಮ್ಮ ತುಮಕೂರು, ತಿಪಟೂರು ಕಡೆ ಇದಕ್ಕೆ ಬರವಿಲ್ಲ. ಹಸಿ ಕಾಯಿ ಬೇಡ, ಬೂಷ್ಟು ಬರುತ್ತದೆ. ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಾಡಿಸಿ ನೋಡಿ. ಗಡಗಡ ಅಂದರೆ ಕೊಬ್ಬರಿ ಕರಟ ಬಿಟ್ಟಿದೆ ಅಂತ. ಅರ್ಧಕ್ಕೆ ಒಡೆಯಬೇಡಿ. ಕಣ್ಣಿಲ್ಲದ ಕಡೆ ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನಕ್ಕೆ ಕೊಯ್ದು ಬಾಯಿಯನ್ನು ಸ್ಪೀಕರಿನ ಅಳತೆಗೆ ತನ್ನಿ. ಕೊಬ್ಬರಿಯನ್ನು ಚೂರು ಮಾಡಿ ಈಚೆ ತೆಗೆಯಿರಿ. ಮೂರು ಕಣ್ಣಿನಲ್ಲಿ ಮೊಳಕೆ ಬರುವ ಕಣ್ಣು ಮೆತ್ತಗಿರುತ್ತದೆ, ಮೊಳೆಯಲ್ಲಿ ಚುಚ್ಚಿದರೆ ಚಾರ್ಜಿಂಗ್ ವೈರಿಗೆ ದಾರಿ ಸಿದ್ಧ. ಅಂಚಿನ ಎಣ್ಣೆ ಜಿಡ್ಡನ್ನು ಉಪ್ಪುಕಾಗದದಲ್ಲಿ ಉಜ್ಜಿ, ತೊಳೆದು ಒಣಗಿಸಿ. ಇಲ್ಲದಿದ್ದರೆ ಸ್ಪೀಕರ್ ಕೂರಿಸಲು ಹಚ್ಚುವ ಎಂ-ಸೀಲ್ ಅಂಟು ಹಿಡಿಯುವುದೇ ಇಲ್ಲ.

ಗಟ್ಟಿ, ದುಂಡು ಗೋಡೆ. ಎಲ್ಲೂ ನಡುಗಲಿಲ್ಲ. ಹಾಡುವವರ ಗಂಟಲು, ಆಕಾಶವಾಣಿ ವಾರ್ತೆಯ ಒಂದೊಂದು ಅಕ್ಷರ ಸ್ಪಷ್ಟ. ತಬಲಾದ ಎಡಗೈ ಪೆಟ್ಟು ಮಾತ್ರ ತೆಳುವಾಯಿತು. ಒಳಗೆ ಅರ್ಧ ಲೀಟರಿನಷ್ಟೂ ಜಾಗವಿಲ್ಲ, ಬೇಸ್ ಎಲ್ಲಿಂದ ಬರಬೇಕು?

ಆ ಎಡಗೈ ಪೆಟ್ಟು ಸಿಕ್ಕಿದ್ದು ಪೈಪಿನಲ್ಲಿ. ಮನೆ ಕಟ್ಟುವಾಗ ಮಿಕ್ಕಿದ 4 ಇಂಚಿನ ಪಿವಿಸಿ, ಒಂದಡಿ ತುಂಡು, ಎರಡು ಕಡೆ ಕ್ಯಾಪ್. ಒಳಗೆ ಹೆಚ್ಚುಕಡಿಮೆ ಎರಡೂವರೆ ಲೀಟರ್ ಗಾಳಿ. ಹಳೇ ದಿಂಬಿನ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಕೊಳವೆಯೊಳಗೆ ಮಾತಾಡಿದಂತೆ ಕೇಳುವ ಸದ್ದು ಹೋಗುತ್ತದೆ. ಬ್ಲೂಟೂತಿಗೆ ಅಡ್ಡಿಯಿಲ್ಲ, ಕೈಜಾರಿ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಉರುಳದಂತೆ ಕೆಳಗೆ ಎರಡು ಮರದ ಪಟ್ಟಿ ಕೂರಿಸಿ.

ತೋಟಕ್ಕೆ ಒಯ್ಯಲು, ನಾಲ್ಕು ಜನ ಕೂತು ಕೇಳಲು ಪೈಪನ್ನೇ ಮಾಡಿ. ಅಡುಗೆಮನೆಯ ರೇಡಿಯೊಗೆ, ಹಾಸಿಗೆ ಪಕ್ಕಕ್ಕೆ ಕರಟಕ್ಕೆ ಸಾಟಿಯಿಲ್ಲ. ಆಂಪ್ಲಿಫೈಯರ್ ಬೋರ್ಡಿನಲ್ಲಿ ಎರಡು ಚಾನೆಲ್, ಅಂದರೆ ಎರಡು ಸ್ಪೀಕರಿಗೆ ಬೇರೆ ಬೇರೆ ದಾರಿ, ಇರುವುದರಿಂದ ಕರಟದ ಜೋಡಿಯನ್ನೂ ಮಾಡಬಹುದು. ಈಗ ನಾನು ಎರಡನೆಯದನ್ನು ಉಜ್ಜುತ್ತಿದ್ದೇನೆ. ನೀವೂ ಮಾಡುವುದಾದರೆ ಎರಡು ಸ್ಪೀಕರಿನ ಮೈನಸ್ ವೈರುಗಳನ್ನು ಒಂದಕ್ಕೊಂದು ಸೇರಿಸಬೇಡಿ, ಬ್ಯಾಟರಿಯ ಮೈನಸ್ಸಿಗೂ ಕೊಡಬೇಡಿ. ಆಂಪ್ಲಿಫೈಯರಿನ ಚಿಪ್ ಹಾಗೆ ಜೋಡಿಸಿದರೆ ಸುಟ್ಟುಹೋಗಬಹುದು.