ತಾನೇ ಬಿಸಿಯಾಗುವ ಊಟದ ಡಬ್ಬಿ: ಟೆಂಟ್ ಒಳಗೆ ತೆರೆಯಬೇಡಿ

ನೀರು ಸುರಿದರೆ ತಾನೇ ಬಿಸಿಯಾಗುವ ಊಟದ ಡಬ್ಬಿ ನಂಬಿ ಮಳೆಗಾಲದ ಚಾರಣಕ್ಕೆ ಹೊರಟಿದ್ದರೆ ಇದನ್ನು ಓದಿಕೊಂಡು ಹೊರಡಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ, ಗಾಳಿಮಳೆಗೆ ಸ್ಟೌ ನಿಲ್ಲುವುದಿಲ್ಲ. ಹಾಗಾಗಿ ಈ ಡಬ್ಬಿಯ ಮೇಲೆ ಆಸೆ ಹುಟ್ಟುವುದು ಸಹಜ. ಜುಲೈಯಲ್ಲಿ ಕುದುರೆಮುಖದ ಕಡೆಯ ತೋಟವೊಂದರ ಅಂಗಳದಲ್ಲಿ, ಟೆಂಟ್ ಒಳಗೆ ತೆರೆದ ಆರು ಡಬ್ಬಿಗಳಲ್ಲಿ ಊಟ ಸರಿಯಾಗಿ ಬಿಸಿಯಾದದ್ದು ಎರಡರಲ್ಲಿ ಮಾತ್ರ. ಎರಡು ಉಗುರುಬೆಚ್ಚಗಾಗಿ ನಿಂತವು. ಒಂದು ತಣ್ಣಗೇ ಉಳಿಯಿತು. ಆರನೆಯದಕ್ಕೆ ಶಾಖ ಹೋಗದಿರಲಿ ಎಂದು ಟವೆಲ್ ಹೊದಿಸಿದ್ದರು. ಹಬೆ ಮುಚ್ಚಳದ ಅಂಚಿನಿಂದ ನುಗ್ಗಿ, ಹಿಡಿದಿದ್ದವರ ಮಣಿಕಟ್ಟಿನ ಮೇಲೆ ಗುಳ್ಳೆ ಎದ್ದಿತು.

ಡಬ್ಬಿಯ ತಳದಲ್ಲಿ, ಊಟದ ತಟ್ಟೆಯ ಕೆಳಗೆ ಇಡುವ, ಬಟ್ಟೆಯಂಥ ಚೀಲದಲ್ಲಿ ಇರುವುದು ಮುಖ್ಯವಾಗಿ ಸುಟ್ಟ ಸುಣ್ಣ. ಹಬ್ಬಕ್ಕೆ ಗೋಡೆ ಬಳಿಯಲು ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುವುದನ್ನು ಹಳೆಯ ಮನೆಗಳಲ್ಲಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿ ಆಗುವುದೂ ಅದೇ. 50 ಗ್ರಾಂ ಸುಟ್ಟ ಸುಣ್ಣ ನೀರು ಕುಡಿದು ಪೂರ್ತಿ ಅರಳಿದರೆ ಸುಮಾರು 58 ಕಿಲೋಜೂಲ್ ಶಾಖ ಬರುತ್ತದೆ. 300 ಗ್ರಾಂ ಅನ್ನ-ಸಾರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಏರಿಸಲು ಬೇಕಾಗುವುದೂ ಹತ್ತಿರಹತ್ತಿರ ಅಷ್ಟೇ. ಅಂದರೆ ಪೋಲು ಮಾಡಲು ಒಂದಿಷ್ಟೂ ಮಿಗುವುದಿಲ್ಲ. ಎಲ್ಲರೂ ತಪ್ಪುವುದು ನೀರಿನ ಅಳತೆಯಲ್ಲಿ. ಅಷ್ಟು ಸುಣ್ಣ ಅರಳಲು ಲೆಕ್ಕದ ಪ್ರಕಾರ 16 ಮಿಲಿ ನೀರು ಸಾಕು. ಚೀಲವೆಲ್ಲ ನೆನೆಯಬೇಕು, ಹಬೆಯೂ ಏಳಬೇಕು ಎಂದು ಡಬ್ಬಿಯ ಮೇಲೆ ಅದಕ್ಕಿಂತ ಹೆಚ್ಚು ಬರೆದಿರುತ್ತಾರೆ, ಅದು ಸರಿ. ಆದರೆ ಕತ್ತಲಲ್ಲಿ ಕಣ್ಣಳತೆಗೆ ಬಾಟಲಿ ಬಗ್ಗಿಸಿ 200 ಮಿಲಿ ಸುರಿದರೆ, ಆ ನೀರು 18 ಡಿಗ್ರಿಯಿಂದ 90ಕ್ಕೆ ಏರುವಷ್ಟರಲ್ಲೇ 60 ಕಿಲೋಜೂಲ್ ಮುಗಿದಿರುತ್ತದೆ. ಶಾಖವನ್ನೆಲ್ಲ ನೀರೇ ಕುಡಿದ ಮೇಲೆ ಊಟಕ್ಕೆ ಏನು ಉಳಿದೀತು?

ಇದು ಅನ್ನದಲ್ಲಿ ಎದ್ದು ಕಾಣುತ್ತದೆ. ಬೇಯಿಸಿ ತುಂಬಿಟ್ಟ ಅನ್ನ ದಿನ ಕಳೆದಂತೆ ಬಿರುಸಾಗುತ್ತದೆ, ಅದರ ಪಿಷ್ಟ ಮತ್ತೆ ಮೆತ್ತಗಾಗಲು 60 ಡಿಗ್ರಿಯಾದರೂ ದಾಟಬೇಕು. ಉಗುರುಬೆಚ್ಚಗಾದ ಡಬ್ಬಿಯನ್ನು ಚಮಚದಲ್ಲಿ ಕೆದಕಿದರೆ, ತಟ್ಟೆಗೆ ಅಂಟಿದ ಪದರ ಮೆತ್ತಗೆ, ನಡುವಿನ ಅಗುಳು ಮಾತ್ರ ಬೆಳ್ಳಗೆ ಪುಡಿಪುಡಿ, ಅರೆಬೆಂದ ನುಚ್ಚಿನ ಹಾಗೆ. ದಿನವಿಡೀ ನೆನೆದು ನಡೆದು ಬಂದವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ.

ತಣ್ಣಗೇ ಉಳಿದ ಡಬ್ಬಿಯ ಕತೆ ಬೇರೆ. ಘಟ್ಟದ ಮಳೆಗಾಲದ ತೇವಕ್ಕೆ ಸುಣ್ಣದ ಚೀಲದ ಹೊರಕವಚದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಸುಣ್ಣ ಒಳಗೇ ನಿಧಾನವಾಗಿ ಅರಳಿ ಸತ್ತುಹೋಗುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಬಿಸಿ ಬರುವುದಿಲ್ಲ. ಹೊರಡುವ ಮುನ್ನ ಕವಚದ ಮೇಲಿಂದಲೇ ಚೀಲ ಹಿಸುಕಿ ನೋಡಿ. ಒಳಗಿನ ಪುಡಿ ಮರಳಿನಂತೆ ಜಾರಬೇಕು. ಉಬ್ಬಿ ಗಟ್ಟಿಯಾಗಿದ್ದರೆ ಅದನ್ನು ಮನೆಯಲ್ಲೇ ಬಿಡಿ.

ಇಷ್ಟೂ ಹಸಿವಿನ ಮಾತಾಯಿತು. ನಮಗೆ ನಿಜವಾದ ಭಯ ಇರುವುದು ಟೆಂಟ್ ಬಗ್ಗೆ. ಶಾಖ ಸಾಲದೆಂದು ಹಲವು ಚೀಲಗಳಲ್ಲಿ ಸುಣ್ಣದ ಜೊತೆ ಅಲ್ಯೂಮಿನಿಯಂ ಪುಡಿ ಬೆರೆಸುತ್ತಾರೆ, ಕೆಲವದರಲ್ಲಿ ಮೆಗ್ನೀಸಿಯಂ ಇರುತ್ತದೆ. ಇವೆರಡೂ ನೀರು ತಾಗಿದಾಗ ಜಲಜನಕ ಬಿಡುತ್ತವೆ. 1 ಗ್ರಾಂ ಅಲ್ಯೂಮಿನಿಯಂನಿಂದ ಸುಮಾರು 1.3 ಲೀಟರ್. ಗಾಳಿಯಲ್ಲಿ ಜಲಜನಕ ಶೇಕಡ 4 ದಾಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮಳೆಗೆಂದು ಜಿಪ್ ಪೂರ್ತಿ ಎಳೆದು ನಾಲ್ಕಾರು ಡಬ್ಬಿ ಒಟ್ಟಿಗೆ ತೆರೆದು, ಪಕ್ಕದಲ್ಲಿ ಮೇಣದಬತ್ತಿಯೋ ಸಿಗರೇಟೋ ಉರಿಯುತ್ತಿದ್ದರೆ ಏನಾದೀತು ಎಂದು ಯೋಚಿಸಿ. ಮುಚ್ಚಳದ ತೂತಿನ ಹತ್ತಿರ ಲೈಟರ್ ಹಿಡಿದು ನೋಡುವುದಂತೂ ಬೇಡವೇ ಬೇಡ.

ಈಗಾಗಲೇ ಕೊಂಡಿದ್ದರೆ ಹೀಗೆ ಮಾಡಿ. ಟೆಂಟ್ ಹೊರಗೆ, ಸೂರಿನ ಕೆಳಗೆ, ಚಪ್ಪಟೆ ಕಲ್ಲಿನ ಮೇಲೆ ಡಬ್ಬಿ ಇಡಿ. ಡಬ್ಬಿಯಲ್ಲಿ ಬರೆದಷ್ಟೇ ನೀರನ್ನು ಅಳತೆ ಗೆರೆ ಇರುವ ಬಾಟಲಿಯಿಂದ ಹಾಕಿ. ಹಬೆಯ ತೂತನ್ನು ಮುಚ್ಚಬೇಡಿ, ಮುಚ್ಚಳ ಎತ್ತಿ ಇಣುಕಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಕಾಯಬೇಡಿ, ಉಜ್ಜಬೇಡಿ. ರೆಪ್ಪೆ ಅಗಲಿಸಿ ಕನಿಷ್ಠ 20 ನಿಮಿಷ ಶುದ್ಧ ನೀರು ಹಾಯಿಸಿ, ಉರಿ ಕಡಿಮೆಯಾದರೂ ಆಸ್ಪತ್ರೆಗೆ ಹೋಗಿ. ಸುಣ್ಣದಿಂದ ದೃಷ್ಟಿಯೇ ಹೋಗಬಹುದು.

ಬಳಸಿದ ಚೀಲವನ್ನು ಹಳ್ಳಕ್ಕೆ ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಅದರಿಂದ ಬಸಿಯುವ ಸುಣ್ಣದ ನೀರಿನಲ್ಲಿ ಕ್ಷಾರದ ಮಟ್ಟ ಪಿಎಚ್ 12ರ ಆಸುಪಾಸು. ಸಣ್ಣ ತೊರೆಯ ಮೀನಿಗೂ ಕಪ್ಪೆಯ ಮರಿಗಳಿಗೂ ಅದು ವಿಷ. ಪೂರ್ತಿ ಆರಿದ ಮೇಲೆ ಸಡಿಲವಾಗಿ ಸುತ್ತಿ ವಾಪಸ್ ತನ್ನಿ. ಬಿಸಿ ಇರುವಾಗಲೇ ಬಾಟಲಿಗೆ ತುರುಕಿ ಬಿರಡೆ ಬಿಗಿದರೆ ಅನಿಲದ ಒತ್ತಡಕ್ಕೆ ಅದು ಒಡೆಯುತ್ತದೆ.

ಹಾಗಾದರೆ ಒಯ್ಯುವುದೇನು? ಬಿಸಿ ಮಾಡದೆಯೂ ತಿನ್ನಬಹುದಾದದ್ದು. ಬಿಸಿಬೇಳೆಬಾತ್, ಪೊಂಗಲ್, ಪಲಾವ್ ಸಿಗುವ ರಿಟಾರ್ಟ್ ಪೊಟ್ಟಣಗಳನ್ನು ಮುಚ್ಚಿದ ಮೇಲೆ 121 ಡಿಗ್ರಿಯ ಆಸುಪಾಸಿನಲ್ಲಿ ಒತ್ತಡದ ಹಬೆಯಲ್ಲಿ ಕಾಯಿಸಿರುತ್ತಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ಸೈನಿಕರಿಗಾಗಿ ಬೆಳೆಸಿದ ವಿದ್ಯೆ ಇದು. ಒಳಗಿನದು ಆಗಲೇ ಬೆಂದಿರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಪೊಟ್ಟಣವನ್ನು ಜಾಕೆಟ್ ಒಳಗೆ ಮೈಗೆ ತಾಗುವಂತೆ ಇಟ್ಟುಕೊಂಡರೆ ಚಳಿ ಬಿಡುತ್ತದೆ. ತಲೆಗೆ 300 ಗ್ರಾಂನ ಒಂದು ಪೊಟ್ಟಣ ರಾತ್ರಿಗೆ ಸಾಲದು. ಜೊತೆಗೆ 50 ಗ್ರಾಂ ಹುರಿದ ಶೇಂಗಾ, ಒಂದು ಅಚ್ಚು ಬೆಲ್ಲ ಇರಲಿ. ಬೆಳಗ್ಗೆಗೆ ತೆಳು ಅವಲಕ್ಕಿ ಸಾಕು, ತಣ್ಣೀರಲ್ಲೇ ನೆನೆಯುತ್ತದೆ.

ಪೊಟ್ಟಣ ಉಬ್ಬಿದ್ದರೆ, ಬೆಸುಗೆಯ ಅಂಚಿನಲ್ಲಿ ಜಿಡ್ಡು ಕಂಡರೆ ಮೂಸಿ ರುಚಿ ನೋಡಲು ಹೋಗಬೇಡಿ. ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾದ ಬೊಟುಲಿನಮ್ ವಿಷಕ್ಕೆ ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ತೆರೆದ ಪೊಟ್ಟಣವನ್ನು ಎರಡು ಗಂಟೆಯೊಳಗೆ ಮುಗಿಸಿ, ಬೆಳಗ್ಗೆಗೆ ಎಂದು ಎತ್ತಿಡಬೇಡಿ. ಪೊಟ್ಟಣಗಳನ್ನು ಬೆನ್ನುಚೀಲದಲ್ಲಿ ಜೋಡಿಸುವಾಗ ಚಾಕು, ಟೆಂಟ್ ಗೂಟಗಳಿಂದ ದೂರವಿಟ್ಟು, ಒದ್ದೆಯಾಗದ ಬಟ್ಟೆಯ ನಡುವೆ ಮಲಗಿಸಿ.